ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ನಾಲ್ಕು, ತಮ್ಮ ಇಸ್ತಾಂಬುಲ್‌ನಿಂದ ತಂದ ಒಂದು: ಇವುಗಳಲ್ಲಿ ಅಸಲಿ ಆಟೊಮನ್ (ಹಿಂದಿನ ತುರ್ಕಿ ಸುಲ್ತಾನರ) ನಾಣ್ಯ ಯಾವುದು?

ಗಂಗೊಳ್ಳಿ ಕಡಲು
ಎಲ್ಲರಿಗೂ ನಮಸ್ಕಾರ. ಮನೆ ರಿಪೇರಿ ಮಾಡಿಸುವಾಗ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ನಾಲ್ಕು ನಾಣ್ಯ ಸಿಕ್ಕಿದವು. ಅಜ್ಜಿಯ ಅಜ್ಜ 1920ರ ಆಸುಪಾಸಿನಲ್ಲಿ ಬೊಂಬಾಯಿಯಿಂದ ಹಡಗು ಹತ್ತಿ ಹಜ್‌ಗೆ ಹೋಗಿ ಬಂದವರು. ಅವರು ತಂದದ್ದು ಅಂತ ಮನೆಯಲ್ಲಿ ಹೇಳ್ತಾರೆ. ನನಗೆ ಅರಬ್ಬಿ ಓದಲು ಬರುವುದಿಲ್ಲ, ಅಂಕಿ ಮಾತ್ರ ಅಲ್ಪಸ್ವಲ್ಪ ಗೊತ್ತು.

ಒಂದು, ದೊಡ್ಡ ಬೆಳ್ಳಿ ನಾಣ್ಯ, ಅಡ್ಡಳತೆ 37 ಮಿ.ಮೀ. ವರ್ಷ 1200 ಅಂತ ಓದಿದ್ದೇನೆ. ಎರಡು, ತಾಮ್ರದ್ದು, 1277 ಇರಬೇಕು, ಒಂದು, ಎರಡು, ಆಮೇಲೆ ಎರಡು ಸಲ ಇಂಗ್ಲಿಷಿನ ವಿ ಅಕ್ಷರದ ಥರ ಉಂಟು. ಮೂರು, ಬಿಳಿ ಲೋಹದ್ದು, 1327, ಮೇಲೆ ಚೌಕದ ಹಾಗೆ ಏನೋ ಮುದ್ರೆ ಒತ್ತಿದ್ದಾರೆ. ನಾಲ್ಕು, ಕಾಗದದ ಹಾಗೆ ತೆಳ್ಳಗಿನ ಹಳದಿ ಬಿಲ್ಲೆ, ಮೇಲುಗಡೆ ತೂತು.

ಐದನೆಯದು ತಮ್ಮ ಕಳೆದ ತಿಂಗಳು ಇಸ್ತಾಂಬುಲ್‌ನ ಬಜಾರಿನಲ್ಲಿ ಕೊಂಡದ್ದು. ಸುಲ್ತಾನ್ ಸುಲೇಮಾನನ ಚಿನ್ನ ಅಂತ ಹೇಳಿ ಕೊಟ್ಟರಂತೆ. ಫೋಟೊ ಎರಡೂ ಬದಿಯದ್ದು ಹಾಕಿದ್ದೇನೆ. ಅಸಲಿ ಯಾವುದು, ನಕಲಿ ಯಾವುದು, ದಯವಿಟ್ಟು ಹೇಳಿ.

ನಾಣ್ಯಪ್ರಿಯ ಮೈಸೂರು
ಐದನೆಯದು ಕಣ್ಣಿಗೆ ಬಿದ್ದ ಕೂಡಲೇ ಹೇಳಬಹುದು, ಹೊಸದು. ಉಳಿದದ್ದಕ್ಕೆ ತೂಕ ಬೇಕು.

ಬೀದರಿನಾಂವ
ತಮ್ಮಾ, 1200 ಅಲ್ಲ ಅದು, 1255. ನೀವು ಸೊನ್ನೆ ಅಂದಕೊಂಡಿದ್ದು ಐದು. ಆ ಬರಹದಾಗ ಸೊನ್ನೆ ಅಂದ್ರ ಬರೇ ಒಂದು ಚುಕ್ಕಿ, ದುಂಡಗ ಗುಂಡ ಇದ್ರ ಐದು. ವಿ ಥರ ಇದ್ರ ಏಳು, ಅದನ್ನ ಬೋರಲು ಹಾಕಿದ್ರ ಎಂಟು. ಇಷ್ಟು ಗೊತ್ತಿದ್ರ ಅರ್ಧ ಕೆಲಸ ಮುಗೀತು.

1255 ಅಂದ್ರ ಸುಲ್ತಾನ್ ಅಬ್ದುಲ್ ಮಜೀದ್ ಪಟ್ಟಕ್ಕ ಬಂದ ಹಿಜರಿ (ಮುಸಲ್ಮಾನರ ಪಂಚಾಂಗದ) ವರ್ಷ, ಇಸ್ವಿ 1839. ಆದ್ರ ನಾಣ್ಯ ಆ ವರ್ಷದ್ದಲ್ಲ. ಆಟೊಮನ್ ಟಂಕಸಾಲಿಯವರು ಪಟ್ಟಕ್ಕೇರಿದ ವರ್ಷಾನ ಎಲ್ಲಾ ನಾಣ್ಯದ ಮ್ಯಾಲೂ ಹಾಕತಿದ್ರು, ಆಳ್ವಿಕೆಯ ಎಷ್ಟನೇ ವರ್ಷ ಅನ್ನೂದನ್ನ ಬ್ಯಾರೆ ಸಣ್ಣ ಅಂಕಿಯೊಳಗ ಹಾಕತಿದ್ರು. ನಿಮ್ಮ ಫೋಟೊದಾಗ ಬೋರಲು ವಿ ಕಾಣಸ್ತದ, ಅಂದ್ರ 8. 1255ಕ್ಕ 8 ಕೂಡಿಸಿ ಒಂದು ಕಳೀರಿ, 1262. ಇಸ್ವಿ 1846.

ಮಂಡ್ಯದ ಸೊಸೆ
ಹಿಜರಿಯನ್ನ ಇಸ್ವಿಗೆ ತರೋದು ಹೇಗೆ ಅಣ್ಣ? 622 ಕೂಡಿಸಿದರೆ ಸಾಕಲ್ವಾ?

ಬೀದರಿನಾಂವ
ಸಾಲಂಗಿಲ್ಲ ಅಕ್ಕಾ. ಹಿಜರಿ ಚಾಂದ್ರಮಾನದ್ದು, ವರ್ಷಕ್ಕ ಹನ್ನೊಂದು ದಿನ ಕಡಿಮಿ. 0.97ರಿಂದ ಗುಣಿಸಿ ಆಮ್ಯಾಲೆ 622 ಕೂಡಸ್ರಿ. 1293 ಗುಣಿಸಿದ್ರ 1254, ಅದಕ್ಕ 622 ಅಂದ್ರ 1876. ಎರಡನೇ ಅಬ್ದುಲ್ ಹಮೀದ್ ಪಟ್ಟಕ್ಕ ಬಂದ ವರ್ಷ ಸರಿಯಾಗಿ ಬಂತು ನೋಡ್ರಿ.

ತಕ್ಕಡಿ
ಓದೋದು ಎಲ್ಲರಿಗೂ ಬರಲ್ಲ. ನಕಲಿ ಮಾಡೋನೂ ಅಸಲಿಯಿಂದಲೇ ಅಚ್ಚು ತೆಗೆದರೆ ಬರಹ ಅಕ್ಷರಶಃ ಸರಿಯಾಗೇ ಇರುತ್ತೆ. ಆಗ ಏನ್ ಓದಿ ಏನ್ ಪ್ರಯೋಜನ? ಮೊದಲು ತೂಕ, ಆಮೇಲೆ ಓದು.

1844ರ ನಾಣ್ಯ ಸುಧಾರಣೆ ಆದಮೇಲೆ ಹೊಡೆದ 20 ಕುರುಷ್ (ಕುರುಷ್ ಅಂದರೆ ಅವರ ಹಣದ ಹೆಸರು) ಬೆಳ್ಳಿ ನಾಣ್ಯಕ್ಕೆ ಸುಲ್ತಾನನ ಹೆಸರಿಂದಲೇ ಮಜೀದಿಯೆ ಅಂತ ಹೆಸರು. ತೂಕ 24.05 ಗ್ರಾಂ, ನೂರಕ್ಕೆ 83 ಭಾಗ ಬೆಳ್ಳಿ. ಸವೆದಿದ್ದರೆ ಸ್ವಲ್ಪ ಕಮ್ಮಿ ಬರಬಹುದು. 21 ಬಂದರೆ ಅನುಮಾನ, 19 ಬಂದರೆ ನಕಲಿ. ಅಳತೆ ಒಂದೇ ಇಟ್ಟುಕೊಂಡು ಹಿತ್ತಾಳೆಯಲ್ಲೋ ಸತುವಿನಲ್ಲೋ ಮಾಡಿದರೆ ಬೆಳ್ಳಿಯ ತೂಕ ಬರಲ್ಲ.

ಬೀದರಿನಾಂವ
ತೂಕ ಬೇಕು, ಇಲ್ಲ ಅನ್ನಂಗಿಲ್ಲ. ಆದ್ರ ಓದಿದ್ರ ತಕ್ಕಡಿ ಹುಡುಕೂದಕಿಂತ ಮೊದಲ ಗೊತ್ತಾಗತದ. ನೀವೇ ಹೇಳಿದ್ರಲ್ಲ, ಮಜೀದಿಯೆ ಶುರು ಆಗಿದ್ದು 1844ರಾಗ, ಅಂದ್ರ ಆಳ್ವಿಕೆಯ 6ನೇ ವರ್ಷ. ಯಾರರ 20 ಕುರುಷ್ ತಂದು 1255, ಆಳ್ವಿಕೆ 2ನೇ ವರ್ಷ ಅಂತ ತೋರಿಸಿದ್ರ ಅದು ನಕಲಿ. ತೂಕಾನ ಬ್ಯಾಡ.

ನಾಣ್ಯಪ್ರಿಯ ಮೈಸೂರು
ಇಬ್ಬರೂ ಹೇಳುತ್ತಿರುವುದು ಸರಿಯೇ. ಐದನೆಯದನ್ನು ನಾನು ಯಾಕೆ ಹೊಸದು ಅಂದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಸ್ತಾಂಬುಲ್‌ಗೆ ಹೋದವರು ಬಹಳ ಜನ ಇದನ್ನೇ ತರುತ್ತಾರೆ.

ಅದರಲ್ಲಿ 926 ಅಂತ ಇದೆ. ಅದು ಸುಲೇಮಾನ್ ಪಟ್ಟಕ್ಕೆ ಬಂದ ಹಿಜರಿ ವರ್ಷ, 1520. ಅಲ್ಲಿಯವರೆಗೆ ಸರಿ. ಆದರೆ ಮಧ್ಯದಲ್ಲಿ ದೊಡ್ಡದಾಗಿ ತುಘ್ರಾ ಇದೆ. ತುಘ್ರಾ ಅಂದರೆ ಸುಲ್ತಾನನ ಅಂಕಿತ. ಮೇಲಕ್ಕೆ ನಿಂತ ಮೂರು ಕೋಲು, ಎಡಗಡೆ ಒಂದರೊಳಗೊಂದು ಎರಡು ಮೊಟ್ಟೆಯಾಕಾರದ ಸುರುಳಿ, ಬಲಗಡೆ ಚಾಚಿದ ಬಾಲ. ಅದರೊಳಗೆ ಸುಲ್ತಾನನ ಹೆಸರು, ಅವನ ತಂದೆಯ ಹೆಸರು, 'ಎಂದೆಂದೂ ಜಯಶಾಲಿ' ಎಂಬ ಮಾತು ಹೆಣೆದಿರುತ್ತದೆ. ಸುಲೇಮಾನನ ಸುಲ್ತಾನಿ ಎಂಬ ಚಿನ್ನದ ನಾಣ್ಯದಲ್ಲಿ ತುಘ್ರಾ ಇಲ್ಲ. ಎರಡೂ ಬದಿ ಬರೀ ಬರಹ. ಒಂದು ಬದಿ ಅವನ ಹೆಸರು, ತಂದೆ ಸಲೀಮನ ಹೆಸರು, ಟಂಕಸಾಲೆಯ ಊರು, ವರ್ಷ. ಇನ್ನೊಂದು ಬದಿ 'ನೆಲದಲ್ಲೂ ಕಡಲಲ್ಲೂ ಜಯ ಪಡೆದವನು' ಎಂಬ ಬಿರುದು. ನಿಮ್ಮ ತಮ್ಮನ ನಾಣ್ಯದಲ್ಲಿರುವ ತುಘ್ರಾ ಹತ್ತೊಂಬತ್ತನೆಯ ಶತಮಾನದ ಶೈಲಿಯದು. ಮುನ್ನೂರು ವರ್ಷದ ಅಂತರವನ್ನು ಒಂದೇ ಬಿಲ್ಲೆಯಲ್ಲಿ ಸೇರಿಸಿದ್ದಾರೆ.

ಇನ್ನೊಂದು ಗುರುತು, ಅಂಚು. ಆ ಕಾಲದಲ್ಲಿ ಸುತ್ತಿಗೆಯಿಂದ ಕೈಯಲ್ಲೇ ಹೊಡೆಯುತ್ತಿದ್ದರು. ಬರಹ ಒಂದು ಕಡೆ ಜಾರಿರುತ್ತದೆ, ಅಂಚು ಪೂರ್ತಿ ದುಂಡಗಿರುವುದಿಲ್ಲ. ಇದು ಬಳೆಯ ಹಾಗೆ ದುಂಡಗಿದೆ, ಸುತ್ತ ಮಣಿಸಾಲು ಎಲ್ಲೂ ತಪ್ಪಿಲ್ಲ.

ಗಂಗೊಳ್ಳಿ ಕಡಲು
ಅಯ್ಯೋ, ತಮ್ಮ ನಮ್ಮ ದುಡ್ಡಲ್ಲಿ ಆರು ಸಾವಿರ ಕೊಟ್ಟಿದ್ದಾನೆ ಮಾರಾಯ್ರೆ. ಹೇಗೆ ಹೇಳುವುದು ಅವನಿಗೆ? ನಾಳೆ ಎಲ್ಲದರ ತೂಕ ಹಾಕ್ತೇನೆ.

ಕುಂದಾನಗರಿ
ಚಿನ್ನದ ಮಾತು ಬಂತು ಅಂತ ಕೇಳ್ತೀನ್ರಿ. ನಮ್ಮ ಅಜ್ಜಿದು ಪುತಳಿ ಸರ ಅದ. ಒಬ್ಬರು ಅದು ತುರ್ಕಿ ನಾಣ್ಯ ಅಂದ್ರು. ಖರೇನ?

ನಾಣ್ಯಪ್ರಿಯ ಮೈಸೂರು
ಅಲ್ಲ ಅಕ್ಕಾ. ಪುತಳಿ ಬಂದದ್ದು ವೆನಿಸ್‌ನ ಡಕಾಟ್ ಎಂಬ ಚಿನ್ನದ ನಾಣ್ಯದಿಂದ. ಒಂದು ಬದಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್‌ನ ದೊರೆ, ಇನ್ನೊಂದು ಬದಿ ನಕ್ಷತ್ರಗಳ ನಡುವೆ ನಿಂತ ಕ್ರಿಸ್ತ. ನಮ್ಮವರಿಗೆ ಅದು ಬೊಂಬೆ ಹಾಗೆ ಕಂಡು ಪುತಳಿ ಆಯಿತು. ಆಮೇಲೆ ನಮ್ಮ ಅಕ್ಕಸಾಲಿಗರೇ ಅದನ್ನು ನೋಡಿಕೊಂಡು ಸರಕ್ಕಾಗಿ ಬಿಲ್ಲೆ ಹೊಡೆದರು. ನಿಮ್ಮ ಸರದಲ್ಲಿ ಇರುವುದು ಬಹುಶಃ ಅಂಥವೇ. ತುರ್ಕಿಗೂ ಇದಕ್ಕೂ ನಂಟು ಇಲ್ಲದೆ ಇಲ್ಲ. ಎರಡನೇ ಮೆಹಮದ್ 1477-78ರಲ್ಲಿ ಮೊದಲ ಸಲ ಚಿನ್ನದ ಸುಲ್ತಾನಿ ಹೊಡೆಸಿದಾಗ ಇದೇ ಡಕಾಟ್‌ನ ತೂಕಕ್ಕೆ ಸರಿ ಹೊಂದಿಸಿದ, ಸುಮಾರು ಮೂರೂವರೆ ಗ್ರಾಂ. ವ್ಯಾಪಾರದಲ್ಲಿ ಡಕಾಟ್ ನಡೆಯುವ ಕಡೆಯೆಲ್ಲ ಇದೂ ನಡೆಯಬೇಕಿತ್ತಲ್ಲ.

ಹಾಲಿ ಸಿಕ್ಕಾ
ನಮ್ಮ ಕಲಬುರಗಿ ಕಡಿ ಉಸ್ಮಾನಿ ಸಿಕ್ಕಾ ಅಂತ ಮನಿ ಮನಿಯಾಗ ಅದಾವ. ನಾನೂ ಅವು ಆಟೊಮನ್ ಅಂತಲೇ ತಿಳಿದಿದ್ದೆ.

ಬೀದರಿನಾಂವ
ಅಣ್ಣಾ ಅವು ನಿಜಾಮರವು. ಮೀರ್ ಉಸ್ಮಾನ್ ಅಲಿ ಖಾನ್ ಹೆಸರಿನವು, 1911ರಿಂದ 1948ರ ತನಕ. ನಡುವ ಚಾರ್‌ಮಿನಾರ್ ಇದ್ರ ಹೈದರಾಬಾದಿದು, ಬಾಗಲದಾಗ ಸಣ್ಣದಾಗಿ 'ಐನ್' ಅಕ್ಷರ ಇದ್ರ ಉಸ್ಮಾನ್ ಅಲಿದು. ಹಿಜರಿ ವರ್ಷ, ಆಳ್ವಿಕೆ ವರ್ಷ ಎರಡೂ ಇರ್ತಾವ, ಅದಕ್ಕ ಗೊಂದಲ. ಹಂಗ ನೋಡಿದ್ರ ನಂಟಸ್ತಿಕಿನೂ ಅದ. ಆಟೊಮನ್ ವಂಶದ ಕಡೀ ಖಲೀಫನ ಮಗಳು ದುರ್ರುಶೆಹವಾರ್ 1931ರಾಗ ನಿಜಾಮರ ಹಿರೇ ಮಗನಿಗೆ ಕೊಟ್ಟ ಹೆಣ್ಣು.

ತಕ್ಕಡಿ
ಟಿಪ್ಪುವಿನ ಆನೆ ಇರೋ ದೊಡ್ಡ ತಾಮ್ರದ ಎರಡು ಪೈಸೆಗೂ ಉಸ್ಮಾನಿ ಅಂತಲೇ ಹೆಸರು. ಅದು ಮೂರನೇ ಖಲೀಫ ಉಸ್ಮಾನರ ನೆನಪಿಗೆ ಇಟ್ಟದ್ದು. ಆಟೊಮನ್ ವಂಶದ ಮೂಲಪುರುಷ ಉಸ್ಮಾನ್ ಬೇರೆ. ಮೂರು ಉಸ್ಮಾನಿ, ಮೂರೂ ಬೇರೆ ಬೇರೆ. ಹೆಸರು ಕೇಳಿ ಕೊಳ್ಳಬೇಡಿ.

ಶ್ರೀರಂಗಪಟ್ಟಣದ ದಾರಿ
ಟಿಪ್ಪು 1786ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ರಾಯಭಾರಿಗಳನ್ನ ಕಳಿಸಿದ್ದ. ಆಗ ಸುಲ್ತಾನ ಮೊದಲನೇ ಅಬ್ದುಲ್ ಹಮೀದ್, ಅವನ ನಾಣ್ಯದಲ್ಲಿ 1187 ಇರುತ್ತೆ. ಆ ರಾಯಭಾರಿಗಳ ಕೈಯಲ್ಲಿ ಓಡಾಡಿದ ನಾಣ್ಯ ಅಂತ ಒಂದೇ ಒಂದು ನೋಡೋಕೆ ಸಿಕ್ಕರೆ ಸಾಕು ಅಂತ ನನ್ನ ಆಸೆ.

ಲಕ್ಕಿ ನಂಬರ್ 7
ಇದಕ್ಕೆಲ್ಲ ಎಷ್ಟು ಸಿಗುತ್ತೆ? ವಾಟ್ಸಾಪಲ್ಲಿ ಒಂದು ನಾಣ್ಯಕ್ಕೆ ಹತ್ತು ಲಕ್ಷ ಅಂತ ಬಂದಿತ್ತು. ಮೊದಲು ನೋಂದಣಿ ಶುಲ್ಕ ಕಟ್ಟಬೇಕಂತೆ.

ನಿರ್ವಾಹಕ
ಶುಲ್ಕ ಕಟ್ಟಬೇಡಿ. ಹಳೇ ನೋಟು, ನಾಣ್ಯ ಕೊಳ್ಳುತ್ತೇವೆ ಅಂತ ತನ್ನ ಹೆಸರು ಹೇಳಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಈ ಚರ್ಚೆಯಲ್ಲಿ ಮಾರಾಟದ ಮಾತು ಬೇಡ, ಗುರುತು ಹಿಡಿಯುವುದಷ್ಟೇ ಇರಲಿ.

ಗಂಗೊಳ್ಳಿ ಕಡಲು
ತೂಕ ಹಾಕಿದೆ. ಬೆಳ್ಳಿಯದ್ದು 23.82 ಗ್ರಾಂ. ತಾಮ್ರದ್ದನ್ನ ಹಾಕುವ ಮೊದಲೇ ಅತ್ತೆ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಟ್ಟಿದ್ದಾರೆ. ಈಗ ಹೊಸ ಚೊಂಬಿನ ಹಾಗೆ ಹೊಳೀತಾ ಉಂಟು. ಬಿಳಿಯದ್ದಕ್ಕೆ ಅಯಸ್ಕಾಂತ ಹಿಡಿದರೆ ಟಕ್ ಅಂತ ಅಂಟಿಕೊಳ್ತದೆ. ಅಂದರೆ ಅದು ಕಬ್ಬಿಣ, ನಕಲಿ ಅಲ್ವಾ?

ನಾಣ್ಯಪ್ರಿಯ ಮೈಸೂರು
ಅಯ್ಯೋ ದೇವರೇ, ತಾಮ್ರ ಹೋಯಿತು. ದಯವಿಟ್ಟು ಎಲ್ಲರೂ ಕೇಳಿಸಿಕೊಳ್ಳಿ. ನೂರೈವತ್ತು ವರ್ಷದಲ್ಲಿ ಕೂತ ಆ ಕಂದು ಪದರವೇ ನಾಣ್ಯದ ವಯಸ್ಸಿಗೆ ಸಾಕ್ಷಿ. ತಿಕ್ಕಿದರೆ ಮತ್ತೆ ಬರುವುದಿಲ್ಲ. ಮಣ್ಣು ಅಂಟಿದ್ದರೆ ಬರೀ ನೀರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಹುಣಸೆ, ನಿಂಬೆ, ಪಾತ್ರೆ ಪುಡಿ ಯಾವುದೂ ಬೇಡ.

ತಕ್ಕಡಿ
ಅಯಸ್ಕಾಂತ ಅಂಟಿತು ಅಂತ ಬಿಳಿಯದ್ದನ್ನ ಎಸೀಬೇಡಿ! ಚಿನ್ನ, ಬೆಳ್ಳಿ, ತಾಮ್ರಕ್ಕೆ ಅಂಟಿದರೆ ನಕಲಿ, ಸರಿ. ಆದರೆ ನಿಕ್ಕಲ್‌ಗೆ ಅಯಸ್ಕಾಂತ ಅಂಟುತ್ತೆ. 1327 ಅಂದರೆ ಐದನೇ ಮೆಹಮದ್ ರಶಾದ್, ಪಟ್ಟಕ್ಕೆ ಬಂದದ್ದು 1909. ಅವನ ಕಾಲದ ಪಾರಾ ಅನ್ನೋ ಚಿಲ್ಲರೆ ನಾಣ್ಯಗಳು ನಿಕ್ಕಲ್‌ದು. ಅಂಟಿದ್ದು ಒಳ್ಳೇದೇ ಆಯ್ತು.

ಬೀದರಿನಾಂವ
ನಾನು ದೊಡ್ಡದು ಮಾಡಿ ನೋಡಿದೆ. ತುಘ್ರಾ ಸುತ್ತ ಮೂರು ಶಬ್ದ ಅದಾವ: ಹುರ್ರಿಯತ್, ಮುಸಾವಾತ್, ಅದಾಲತ್. ನಮ್ಮ ಉರ್ದು ಶಾಲಿಯೊಳಗ ಕಲಿತ ಶಬ್ದಗಳೇ. ಸ್ವಾತಂತ್ರ್ಯ, ಸಮಾನತೆ, ನ್ಯಾಯ. 1908ರ ತುರ್ಕಿ ಕ್ರಾಂತಿಯೊಳಗ ಜನ ಬೀದಿಯೊಳಗ ಕೂಗಿದ್ದು ಮರುವರ್ಷ ಪಟ್ಟಕ್ಕ ಬಂದ ಸುಲ್ತಾನನ ಚಿಲ್ಲರೆ ಮ್ಯಾಲೆ ಬಂತು. 40 ಪಾರಾ ಅದು. 40 ಪಾರಾಕ್ಕ ಒಂದು ಕುರುಷ್, 100 ಕುರುಷ್‌ಗೆ ಒಂದು ಲೀರಾ. ಈ ಶಬ್ದ ಓದಿದಾಗ ನನಗ ಮೈ ಝುಂ ಅಂತು, ಸುಳ್ಳು ಹೇಳಂಗಿಲ್ಲ.

ಒತ್ತಿದ ಮುದ್ರೆಯೊಳಗ 'ಅಲ್ ಹಿಜಾಜ್' ಅಂತ ಅದ.

ದೋಹಾ ಕನ್ನಡಿಗ
ಹಿಜಾಜ್ (ಮೆಕ್ಕಾ, ಮದೀನಾ ಇರುವ ಸೀಮೆ) ಮುದ್ರೆಯೇ? ಜೋಪಾನ. ಮೊದಲ ಮಹಾಯುದ್ಧದಲ್ಲಿ ಮೆಕ್ಕಾದ ಶರೀಫ್ ಹುಸೇನ್ 1916ರಲ್ಲಿ ಆಟೊಮನ್ನರ ವಿರುದ್ಧ ಎದ್ದಮೇಲೆ, ಕೈಯಲ್ಲಿದ್ದ ತುರ್ಕಿ ನಾಣ್ಯಗಳ ಮೇಲೇ ಹಿಜಾಜ್ ಅಂತ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟರು ಅನ್ನುವುದು ಚಾಲ್ತಿಯಲ್ಲಿರುವ ಮಾತು. ಆದರೆ ಈ ಮುದ್ರೆಯ ನಕಲು ವಿಪರೀತ. ಸಾಧಾರಣ ಅಸಲಿ ನಾಣ್ಯ ತಗೊಂಡು, ಬೆಲೆ ಹೆಚ್ಚಿಸಲು ಹೊಸದಾಗಿ ಮುದ್ರೆ ಒತ್ತುತ್ತಾರೆ. ನಾನು ಇಲ್ಲಿ ಸೂಕ್‌ನಲ್ಲಿ (ಬಜಾರಿನಲ್ಲಿ) ನೋಡಿದ ಹತ್ತರಲ್ಲಿ ಒಂದರ ಮೇಲೂ ನನಗೆ ನಂಬಿಕೆ ಹುಟ್ಟಲಿಲ್ಲ.

ನೋಡುವ ಕ್ರಮ ಹೀಗೆ. ನಾಣ್ಯ ಸವೆದಿದ್ದು ಮುದ್ರೆಯ ಅಂಚು ಮಾತ್ರ ಬ್ಲೇಡಿನ ಹಾಗೆ ಚೂಪಾಗಿದ್ದರೆ ಅನುಮಾನ. ಮುದ್ರೆಯ ತಗ್ಗಿನೊಳಗೆ ಲೋಹ ಹೊಸದಾಗಿ ಮಿನುಗುತ್ತಿದ್ದು, ಸುತ್ತ ಮಂಕಾಗಿದ್ದರೂ ಅನುಮಾನ. ಮುದ್ರೆಯ ಸರಿಯಾಗಿ ಹಿಂಬದಿಯಲ್ಲಿ ಚಪ್ಪಟೆಯಾದ ಜಾಗ ಇರುತ್ತದೆ, ಆ ಜಾಗವೂ ಉಳಿದ ಮೈಯಷ್ಟೇ ಸವೆದಿರಬೇಕು.

ಗಂಗೊಳ್ಳಿ ಕಡಲು
ಭೂತಗನ್ನಡಿ ಹಿಡಿದು ನೋಡಿದೆ. ಮುದ್ರೆಯ ಅಂಚು ಮೊಂಡಾಗಿದೆ, ತಗ್ಗಿನೊಳಗೂ ಅದೇ ಬೂದು ಬಣ್ಣ. ಬೆನ್ನಿನ ಚಪ್ಪಟೆ ಜಾಗದಲ್ಲಿ ಬೆರಳು ಆಡಿಸಿದರೆ ನುಣ್ಣಗೆ ಉಂಟು.

ದೋಹಾ ಕನ್ನಡಿಗ
ಹಾಗಾದರೆ ಆಸೆ ಇಟ್ಟುಕೊಳ್ಳಬಹುದು. ಅದರಲ್ಲೂ ಮನೆಯ ಪೆಟ್ಟಿಗೆಯಿಂದ ಬಂದದ್ದು, ಆ ವರ್ಷಗಳಲ್ಲೇ ಹಜ್‌ಗೆ ಹೋದವರು ತಂದದ್ದು. ಅಜ್ಜಿಯ ಮಾತನ್ನು ಒಂದು ಹಾಳೆಯಲ್ಲಿ ಬರೆದು ನಾಣ್ಯದ ಜೊತೆ ಇಡಿ. ಆದರೂ ಕೈಯಲ್ಲಿ ಹಿಡಿದು ನೋಡಿದ ಪರಿಣತರು ಹೇಳುವವರೆಗೆ ನಾನು ಖಚಿತ ಅನ್ನುವುದಿಲ್ಲ.

ಗಂಟೆ ನಾದ
ಬೆಳ್ಳಿಯನ್ನ ಕಲ್ಲಿನ ಮೇಲೆ ಬೀಳಿಸಿ ಶಬ್ದ ಕೇಳಿ. ಠಣ್ ಅಂದ್ರೆ ಅಸಲಿ.

ತಕ್ಕಡಿ
ಬೀಳಿಸಬೇಡಿ! ಅಂಚು ಜಜ್ಜಿ ಹೋಗುತ್ತೆ. ಒಳಗೆ ಸೀಳಿದ್ದರೆ ಅಸಲಿಯೂ ಮಂಕಾಗೇ ಕೇಳುತ್ತೆ. ಇದಕ್ಕಿಂತ ನೀರಿನ ಪರೀಕ್ಷೆ ಮಾಡಿ.

ಗ್ರಾಂನ ನೂರನೇ ಭಾಗ ತೋರಿಸೋ ಪುಟ್ಟ ಡಿಜಿಟಲ್ ತಕ್ಕಡಿ ಮೇಲೆ ಒಂದು ಲೋಟ ನೀರು ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನ ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಗೋಡೆಗೂ ತಾಗಬಾರದು, ಮೇಲೆ ಗುಳ್ಳೆ ಅಂಟಿರಬಾರದು. ತಕ್ಕಡಿ ತೋರಿಸೋ ಅಂಕಿಯಿಂದ ನಾಣ್ಯದ ತೂಕವನ್ನ ಭಾಗಿಸಿ. ಮಜೀದಿಯೆ ಬೆಳ್ಳಿಗೆ 10.2ರ ಹತ್ತಿರ ಬರಬೇಕು. ತಾಮ್ರಕ್ಕೆ 8.9, ಹಿತ್ತಾಳೆಗೆ ಎಂಟೂವರೆ, 22 ಕ್ಯಾರೆಟ್ ಚಿನ್ನಕ್ಕೆ ಹದಿನೇಳರ ಮೇಲೆ.

ಗಂಗೊಳ್ಳಿ ಕಡಲು
ಮಾಡಿದೆ! ಬೆಳ್ಳಿಯದ್ದು ನೀರಲ್ಲಿ 2.34 ತೋರಿಸಿತು. 23.82 ಭಾಗಿಸಿದರೆ 10.18. ತಮ್ಮನದ್ದು ತೂಕ 6.10, ನೀರಲ್ಲಿ 0.72, ಅಂದರೆ ಎಂಟೂವರೆ. ತೆಳ್ಳಗಿನ ಬಿಲ್ಲೆ 0.90 ಗ್ರಾಂ, ನೀರಲ್ಲಿ 0.11 ತೋರಿಸಿತು.

ತಕ್ಕಡಿ
ಬೆಳ್ಳಿ ಅಸಲಿ ಅಂತ ನನ್ನ ಮಾತು. ವರ್ಷ, ತೂಕ, ನೀರು ಮೂರೂ ಒಂದೇ ಹೇಳ್ತಿವೆ. ತಮ್ಮನದ್ದು ಹಿತ್ತಾಳೆ. ಸುಲ್ತಾನಿ ಆಗಿದ್ದರೆ ತೂಕವೇ ಮೂರೂವರೆ ದಾಟಬಾರದಿತ್ತು.

ಪತ್ತಾರ ಓಣಿ
ತೆಳು ಬಿಲ್ಲೆಗೆ ನೀರಿನ ಲೆಕ್ಕ ನಂಬಬ್ಯಾಡ್ರಿ, ಇಷ್ಟು ಹಗುರಿದ್ರ ಕೂದಲೆಳಿ ಆಚೀಚೆ ಆದ್ರೂ ಅಂಕಿ ತಪ್ಪತದ.

ತಕ್ಕಡಿ
ಒಪ್ಪಿದೆ ಅಣ್ಣ, ಆದರೆ ಚಿನ್ನ ಆಗಿದ್ದರೆ 0.05 ತೋರಿಸಬೇಕಿತ್ತು. ಇದು ಅದರ ಎರಡು ಪಟ್ಟು.

ಪತ್ತಾರ ಓಣಿ
ಹಾಂ, ಅಷ್ಟು ಫರಕ ಇದ್ರ ಚಿನ್ನ ಅಲ್ಲ. ನಾವು ಮೂರು ತಲಿಮಾರಿನಿಂದ ಅಂಗಡಿ ಇಟ್ಟವರು, ಇಂಥಾವು ಬರತಿರ್ತಾವ. ಒರೆಗಲ್ಲಿಗೆ ಹಚ್ಚಿಸಬ್ಯಾಡ್ರಿ, ಅಂಚು ಸವಿತದ. ಹಾಲ್‌ಮಾರ್ಕ್ ಮಾಡೂ ಕೇಂದ್ರದಾಗ ಎಕ್ಸ್‌ರೇ ಯಂತ್ರ ಇರತದ, ಗೀರದಂಗ ನೋಡಿ ಹೇಳ್ತಾರ. ಕಣ್ಣಿಲೆ ನೋಡೂದಾದ್ರ ಉಬ್ಬಿದ ಜಾಗ ನೋಡ್ರಿ. ಚಿನ್ನ ಸವೆದ್ರೂ ಹಳದೀನ. ಲೇಪ ಹಾಕಿದ್ದು ಸವೆದ ಜಾಗದಾಗ ಬ್ಯಾರೆ ಬಣ್ಣ ತೋರಸ್ತದ.

ಮಂಡ್ಯದ ಸೊಸೆ
ತೂತು ಇದೆ ಅಂದ್ರೇ ನಕಲಿ ಅಂತ ಗೊತ್ತಾಗಲ್ವಾ?

ನಾಣ್ಯಪ್ರಿಯ ಮೈಸೂರು
ಇಲ್ಲ, ಅದು ತಪ್ಪು ತಿಳಿವಳಿಕೆ. ಅಸಲಿ ನಾಣ್ಯಕ್ಕೂ ತೂತು ಮಾಡಿ ಹೆಂಗಸರು ಹಣೆಪಟ್ಟಿಗೆ, ಸರಕ್ಕೆ ಹಾಕಿಕೊಳ್ಳುತ್ತಿದ್ದರು. ನಮ್ಮ ಕಾಸಿನ ಸರದ ಹಾಗೆಯೇ. ಆಭರಣಕ್ಕೆ ಅಂತಲೇ ಆಟೊಮನ್ ಟಂಕಸಾಲೆ ತೆಳ್ಳಗೆ ಅಗಲವಾಗಿ ಹೊಡೆದ ಅಸಲಿ ಚಿನ್ನವೂ ಇದೆ. ತೂತು ಅಲ್ಲ, ಬರಹ ನೋಡಿ. ಈ ಬಿಲ್ಲೆಯಲ್ಲಿ 1223 ಅಂತ ಇದೆ, ಸುಲ್ತಾನ್ ಎರಡನೇ ಮಹಮೂದ್ ಪಟ್ಟಕ್ಕೆ ಬಂದ ವರ್ಷ. ಆದರೆ ಉಳಿದದ್ದು ಅಕ್ಷರದ ಹಾಗೆ ಕಾಣುವ ಗೀಟುಗಳು. ಬೀದರಿನವರೇ, ನಿಮಗೆ ಏನಾದರೂ ಓದಲು ಬಂತೇ?

ಬೀದರಿನಾಂವ
ಒಂದು ಅಕ್ಷರನೂ ಇಲ್ರಿ. ಅರಬ್ಬಿ ಬರದವರು ನೋಡಿ ಗೀಚಿದಂಗ ಅದ. ಬಜಾರದಾಗ ಕುಣಿಯವರ ಉಡುಪಿಗೆ ಹಾಕೂ ತಗಡಿನ ಬಿಲ್ಲೆ ಇದೇ ನಮೂನಿ ಇರ್ತಾವ.

ತಾಮ್ರದ್ದರ ಮ್ಯಾಲೆ ಮಾತ್ರ ಬರಹ ಸ್ವಚ್ಛ ಅದ. 'ಮಿಸ್ರ್' ಅಂದ್ರ ಈಜಿಪ್ಟ್. 1277, ಸುಲ್ತಾನ್ ಅಬ್ದುಲ್ ಅಜೀಜ್, 1861ಕ್ಕ ಪಟ್ಟ. ಬೆಳ್ಳಿಯದರ ಮ್ಯಾಲೆ 'ಕೊಸ್ತಂತಿನಿಯೆ' ಅಂತ ಅದ.

ಹತ್ತನೇ ಕ್ಲಾಸ್ ಸಮಾಜ
1453ರಲ್ಲಿ ಆಟೊಮನ್ ಟರ್ಕರು ಗೆದ್ದಮೇಲೂ ಅದೇ ಹೆಸರಾ? ನಾವು ಪಾಠದಲ್ಲಿ ಓದಿದ್ದ ಕಾನ್‌ಸ್ಟಾಂಟಿನೋಪಲ್‌ ತಾನೆ ಇದು?

ನಾಣ್ಯಪ್ರಿಯ ಮೈಸೂರು
ಹೌದು, ಗೆದ್ದವರೂ ಹೆಚ್ಚುಕಮ್ಮಿ ಕೊನೆಯವರೆಗೆ ನಾಣ್ಯದಲ್ಲಿ ಅದನ್ನೇ ಬರೆದರು. ಮಧ್ಯೆ ಮೂರನೇ ಅಹಮದನ ಕಾಲದಿಂದ ಮೂರನೇ ಸಲೀಮನವರೆಗೆ ಕೆಲವು ಸುಲ್ತಾನರ ನಾಣ್ಯದಲ್ಲಿ 'ಇಸ್ಲಾಂಬೋಲ್' ಅಂತ ಬರುತ್ತದೆ. ಎರಡನೇ ಮಹಮೂದನ ಹೊತ್ತಿಗೆ ಮತ್ತೆ ಹಳೆಯ ಹೆಸರೇ. ಹಾಗಾಗಿ 1223 ಇದ್ದು ಇಸ್ಲಾಂಬೋಲ್ ಅಂತ ಇದ್ದರೆ ಒಂದು ಸಲ ನಿಂತು ಯೋಚಿಸಿ.

ವಕೀಲರ ಮನೆ
ಒಂದು ಮುಖ್ಯ ವಿಷಯ. ತುರ್ಕಿಯಲ್ಲಿ 1983ರ 2863ನೇ ಕಾನೂನಿನ ಪ್ರಕಾರ ಪುರಾತನ ವಸ್ತುಗಳನ್ನು ದೇಶದ ಹೊರಗೆ ಒಯ್ಯುವುದು ಅಪರಾಧ. ನಿಮ್ಮ ತಮ್ಮ ತಂದದ್ದು ಅಸಲಿ ಆಗಿದ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆ ಆಗುತ್ತಿತ್ತು. ನಮ್ಮಲ್ಲೂ 1972ರ ಕಾಯಿದೆಯಡಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಹೊರದೇಶಕ್ಕೆ ಕಳಿಸುವಂತಿಲ್ಲ. ಪರೀಕ್ಷೆಗೆ ಅಂತ ಅಂಚೆಯಲ್ಲಿ ವಿದೇಶಕ್ಕೆ ಕಳಿಸಬೇಡಿ.

ಗಂಗೊಳ್ಳಿ ಕಡಲು
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಬಿಲ್ಲೆಯನ್ನ ಯಂತ್ರಕ್ಕೆ ತೋರಿಸಿದೆ, ತಾಮ್ರ ಮತ್ತು ಸತು, ಚಿನ್ನ ಇಲ್ಲವೇ ಇಲ್ಲ. ಅಜ್ಜಿಗೆ ಹೇಳಿದೆ. ಅವರಿಗೆ ಬೇಸರ ಆಗಲಿಲ್ಲ. ಅದು ಅಜ್ಜಿ ಮಗುವಾಗಿದ್ದಾಗ ಅವರ ಅಮ್ಮ ಟೊಪ್ಪಿಗೆ ಹೊಲಿದದ್ದಂತೆ, ಬೊಂಬಾಯಿಯಿಂದ ತಂದದ್ದಂತೆ. ಅದನ್ನು ಮಾತ್ರ ನನಗೆ ವಾಪಸು ಕೊಡು ಅಂತ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಾರೆ. ಬೆಳ್ಳಿ, ತಾಮ್ರ, ನಿಕ್ಕಲ್ ಮೂರನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಅಜ್ಜಿ ಹೇಳಿದ್ದನ್ನೆಲ್ಲ ಬರೆದು ಇಟ್ಟಿದ್ದೇನೆ. ತಮ್ಮನಿಗೂ ಹೇಳಿ ಆಯ್ತು.

ಸುಳ್ಯದ ಮಳೆ
ಈ ಚರ್ಚೆ ಓದಿ ನನ್ನ ಹತ್ತಿರ ಇರುವ ಒಂದನ್ನು ತೆಗೆದು ನೋಡಿದೆ. ಬೆಳ್ಳಿಯ ಹಾಗೆ ಉಂಟು, ವರ್ಷ 1203, ಮಧ್ಯದ ಚುಕ್ಕಿ ಸೊನ್ನೆ ಅಂತ ಈಗ ಗೊತ್ತಾಯ್ತು. ಊರಿನ ಹೆಸರು ಓದಲು ಆಗ್ತಾ ಇಲ್ಲ.

ಬೀದರಿನಾಂವ
1203 ಅಂದ್ರ ಮೂರನೇ ಸಲೀಂ, ಇಸ್ವಿ 1789. ಇಸ್ಲಾಂಬೋಲ್ ಇರಬೇಕು. ಎರಡೂ ಬದಿ ಫೋಟೊ ಹಾಕ್ರಿ, ಓದಿ ಹೇಳ್ತೀನಿ.

ತಕ್ಕಡಿ
ತೂಕಾನೂ ಹಾಕಿ. ತಿಕ್ಕಬೇಡಿ.